ಅಟ್ಟದ ನಾಲ್ಕನೇ ಆವೃತ್ತಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ನನ್ನ ಇವರಿಗೆ,

ಹೇಗಿದ್ದೀರಿ? ಕಣ್ಣಿನ ಉರಿ ಇಳಿಯಿತೇ? ಕತ್ತು ಇನ್ನೂ ಹಾಗೇ ಬಿಗಿದುಕೊಂಡಿದೆಯೇ, ಇಲ್ಲ ಆ ತೂತಿನ ದಿಂಬು ಸ್ವಲ್ಪ ಒಗ್ಗಿತೇ? ಶನಿವಾರದಿಂದ ನೀವು ಎದ್ದು ಕೂರಬಹುದೆಂದು ಡಾಕ್ಟರು ಹೇಳಿದರಂತೆ. ಪುಟ್ಟಿ ಫೋನಿನಲ್ಲಿ ಹೇಳಿದ ಕೂಡಲೇ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಧೊಪ್ಪೆಂದು ಕೂತೆ. ಹನ್ನೆರಡು ದಿನ ಬೋರಲು ಮಲಗಿ ನೆಲದ ಟೈಲ್ಸು ಎಣಿಸಿದ ನಿಮಗಿಂತ ನನಗೇ ಹೆಚ್ಚು ಸುಸ್ತಾದ ಹಾಗಿದೆ. ಕೂರಬಹುದು ಅಂದರೆ ಓದಬಹುದು ಅಂತ ಅಲ್ಲ, ನೆನಪಿರಲಿ. ಈ ಪತ್ರ ಓದುವವಳು ನಿಮ್ಮ ತಂಗಿ. ಪುಟ್ಟಿ, ನಲವತ್ತು ದಾಟಿದರೂ ನಿನ್ನನ್ನು ಪುಟ್ಟಿ ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಣ್ಣ ಎದ್ದು ಕೂತ ಮೇಲೆಯೇ ಇದನ್ನು ಒಡೆ, ನಿಧಾನವಾಗಿ ಓದು. ಸಾಲು ಹಾರಿಸಬೇಡ, ನಿನ್ನದೇನನ್ನೂ ಸೇರಿಸಬೇಡ, ನಗು ಬಂದರೆ ನಕ್ಕು ಆಮೇಲೆ ಮುಂದುವರಿಸು.

ಇಲ್ಲಿ ಅತ್ತೆ ಆರಾಮಾಗಿದ್ದಾರೆ. ಮಂಡಿ ನೋವು ಇದ್ದದ್ದೇ. ನೀವು ಹೋದ ಮರುದಿನವೇ ನಿಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆಸಿಕೊಂಡು ಕೂತಿದ್ದಾರೆ. ಬಂದ ಮೇಲೆ ಅದು ನಿಮಗೆ ವಾಪಸ್ಸು ಸಿಗುತ್ತದೆಂಬ ಆಸೆ ಬಿಡಿ. ಮಗನ ಆರೋಗ್ಯ ವಿಚಾರಿಸಿದವರಿಗೆಲ್ಲ, "ಅವನಾ? ನೆಲ ನೋಡ್ಕೊಂಡು ಮಲಗಿದಾನೆ. ಹುಟ್ಟಿದಾಗಿನಿಂದ ಒಂದು ಕಡೆ ಸುಮ್ನೆ ಇದ್ದೋನಲ್ಲ, ಈಗ ಡಾಕ್ಟ್ರು ಇರಿಸಿದಾರೆ" ಅನ್ನುತ್ತಾರೆ. ರಾತ್ರಿ ಮಲಗುವ ಮುಂಚೆ ನಿಮ್ಮ ಫೋಟೋದ ಗಾಜನ್ನು ಸೆರಗಿನಿಂದ ಒರೆಸುವುದನ್ನೂ ನೋಡಿದ್ದೇನೆ, ನಾನು ನೋಡಿದೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಶಾಲೆಯ ಸಮವಸ್ತ್ರದ ಕಾಲ. ಬೆಳಗ್ಗೆ ಎಂಟರಿಂದ ನೀಲಿ ಬಟ್ಟೆ ಕತ್ತರಿಸುತ್ತೇನೆ, ಕಣ್ಣು ಮುಚ್ಚಿದರೂ ನೀಲಿಯೇ ಕಾಣುತ್ತದೆ. ಇದನ್ನು ಬರೆಯಲೆಂದೇ ಇವತ್ತು ಅರ್ಧ ದಿನ ರಜೆ ಹಾಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ದಿನಾ ಸಂಜೆ ಫೋನಿನಲ್ಲಿ ಎರಡು ನಿಮಿಷ ಮಾತಾಡುವಾಗ ನೀವು ಮೊದಲು ಕೇಳುವುದು "ಅಟ್ಟ ಹೇಗಿದೆ?" ಆಮೇಲೆ "ಅಮ್ಮ ಹೇಗಿದಾಳೆ?" ಕೊನೆಗೆ ಟೈಮ್ ಉಳಿದಿದ್ದರೆ "ನೀನು?" ನಾನು ಮೂರಕ್ಕೂ "ಚೆನ್ನಾಗಿದೆ, ಚೆನ್ನಾಗಿದಾರೆ, ಚೆನ್ನಾಗಿದೀನಿ" ಅಂತ ಒಂದೇ ಉಸಿರಿಗೆ ಹೇಳುತ್ತಿದ್ದೆ. ರೀ, ಮೊದಲನೆಯದು ಸುಳ್ಳು. ಒಂಬತ್ತು ದಿನದಿಂದ ಸುಳ್ಳು ಹೇಳಿದ್ದೇನೆ. ಈಗ ಯಾವ ಅಪಾಯವೂ ಇಲ್ಲ, ಆಗಬೇಕಾದ್ದೆಲ್ಲ ಆಗಿ ಮುಗಿದಿದೆ. ಹಾಗಾಗಿ ಫೋನ್ ಕೊಡು ಅಂತ ಪುಟ್ಟಿಯ ಮೇಲೆ ಹಾರಬೇಡಿ. ಪೂರ್ತಿ ಕೇಳಿ.

ಪುಟ್ಟಿಗೆ ನಿಮ್ಮ ಅಟ್ಟ ಏನೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕಳೆದ ಸಲ "ಅಣ್ಣನ ಆ ಬಣ್ಣದ ಡಬ್ಬಿ ಆಟ" ಅಂದಳು. ಆದ್ದರಿಂದ ಅವಳಿಗಾಗಿ ನಾಲ್ಕು ಸಾಲು. ನೋಡು ಪುಟ್ಟಿ, ಆರು ವರ್ಷದ ಹಿಂದೆ ನಿಮ್ಮಣ್ಣನ ನಕ್ಷೆ ಕಚೇರಿಯಲ್ಲಿ ಕಂಪ್ಯೂಟರಿನ ಡಿಸ್ಕು ತುಂಬಿ ತುಳುಕಿ, ಒಂದು ಹೊಸ ನಕ್ಷೆ ಉಳಿಸಲೂ ಜಾಗವಿರಲಿಲ್ಲ. ಯಾವುದು ಜಾಗ ತಿನ್ನುತ್ತಿದೆ ಅಂತ ಯಾರಿಗೂ ತಿಳಿಯದು. ಇವರು ಎಂಟು ಸಂಜೆ ಕೂತು ಒಂದು ಪ್ರೋಗ್ರಾಂ ಬರೆದರು. ಅದು ಇಡೀ ಡಿಸ್ಕನ್ನು ಒಂದು ಹಾಸಿದ ಬಟ್ಟೆಯ ಹಾಗೆ ತೋರಿಸುತ್ತದೆ. ಒಂದೊಂದು ಫೋಲ್ಡರಿಗೂ ಒಂದೊಂದು ಬಣ್ಣದ ತುಂಡು. ದೊಡ್ಡದಕ್ಕೆ ದೊಡ್ಡ ತುಂಡು, ಚಿಕ್ಕದಕ್ಕೆ ಚಿಕ್ಕದು. ನೋಡಿದ ಕೂಡಲೇ ಯಾರು ಕಾಲು ಚಾಚಿ ಮಲಗಿದ್ದಾರೆಂದು ಗೊತ್ತಾಗಿಬಿಡುತ್ತದೆ. ಮೊದಲು ತುಂಡುಗಳೆಲ್ಲ ಉದ್ದುದ್ದ ಪಟ್ಟಿಗಳಾಗಿ ಬರುತ್ತಿದ್ದವು, ಹೆಸರು ಓದಲು ಆಗುತ್ತಿರಲಿಲ್ಲ. ನಾನು ಚಹಾ ಇಡಲು ಹೋದವಳು, "ಹೀಗೆ ಪಟ್ಟಿ ಪಟ್ಟಿ ಹರಿದರೆ ಯಾರಿಗೆ ಉಪಯೋಗ? ಚೌಕಕ್ಕೆ ಹತ್ತಿರ ತನ್ನಿ" ಅಂದೆ. ಇವರು ನನ್ನ ಮುಖವನ್ನೇ ನೋಡಿದರು. ಚಹಾ ಆರಿಹೋಯಿತು. ಮೂರು ದಿನದ ನಂತರ ತುಂಡುಗಳು ಚೌಕಕ್ಕೆ ಹತ್ತಿರ ಬಂದಿದ್ದವು. ಹೆಸರಿಟ್ಟವರು ಅತ್ತೆ: "ಇವನಿಗೆ ಊರವರ ಅಟ್ಟ ಎಲ್ಲಾ ಗುಡಿಸೋಕೆ ಬಿಡುವಿದೆ, ಮನೆ ಅಟ್ಟದ ಮೇಲೆ ಮಾತ್ರ ಹತ್ತಲ್ಲ." ಅವತ್ತಿನಿಂದ ಅದು ಅಟ್ಟ. ಅದನ್ನು ಒಳಗಿನ ಬರಹ ಸಮೇತ ಇಂಟರ್ನೆಟ್ಟಿನಲ್ಲಿ ಇಟ್ಟು, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದುಪಡಿ ಕಳಿಸಲಿ ಅಂದರು. ಈಗ ಎಲ್ಲೆಲ್ಲಿಯವರೋ ಬಳಸುತ್ತಾರೆ. ಅದರಿಂದ ಬರುವುದು ಧನ್ಯವಾದ, ದೂರು, ಕಣ್ಣುರಿ, ಇಷ್ಟೇ. ಪುಟ್ಟಿ, ಪಾಠ ಮುಗಿಯಿತು.

ರೀ, ನಾಲ್ಕನೇ ಆವೃತ್ತಿ ಬಿಟ್ಟ ಎರಡನೇ ದಿನಕ್ಕೇ ನಿಮ್ಮನ್ನು ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಹೋಗಬೇಕಾಯಿತಲ್ಲ. ಹೊರಡುವಾಗ ನೀವು ಒಂದು ಕಾಗದದಲ್ಲಿ ಮೂರು ಸಾಲು ಬರೆದುಕೊಟ್ಟಿರಿ: ಯಾರೇ ಏನೇ ಕೇಳಿದರೂ ಇದನ್ನು ಹಾಕು, "ಇದನ್ನು ನೋಡಿಕೊಳ್ಳುವವರು ಚಿಕಿತ್ಸೆಯಲ್ಲಿದ್ದಾರೆ. ನಿಮ್ಮ ಸಂದೇಶ ತಲುಪಿದೆ. ಬಂದ ಮೇಲೆ ಉತ್ತರಿಸುತ್ತಾರೆ." ನಾನು ಶ್ರದ್ಧೆಯಿಂದ ಅದನ್ನೇ ಹಾಕುತ್ತಿದ್ದೆ. ಬಣ್ಣ ಇಷ್ಟವಾಗಲಿಲ್ಲ ಅಂದವರಿಗೂ ಅದೇ, ಬೇಗ ಗುಣವಾಗಲಿ ಅಂದವರಿಗೂ ಅದೇ. ಐದನೇ ತಾರೀಖು ಸಂಜೆ ಕಾರ್ಖಾನೆಯಿಂದ ಬಂದು ಕಂಪ್ಯೂಟರ್ ತೆಗೆದರೆ ಒಂದು ಹೊಸ ದೂರು ಇತ್ತು. ಬರೆದವರು ಸೇತುವೆಗಳ ತಪಾಸಣೆ ಮಾಡುವ ಇಂಜಿನಿಯರು. ಹನ್ನೊಂದು ವರ್ಷದಿಂದ ಪ್ರತಿ ವರ್ಷವೂ ತಮ್ಮ ಜಿಲ್ಲೆಯ ಸೇತುವೆಗಳ ಅಡಿ ಇಳಿದು, ಒಂದೊಂದು ಬಿರುಕಿನ ಪಕ್ಕದಲ್ಲೂ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯುತ್ತಾರಂತೆ. ಹೋದ ವರ್ಷದ ಫೋಟೋ ಪಕ್ಕ ಈ ವರ್ಷದ್ದು ಇಟ್ಟರೆ ಬಿರುಕು ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅವರು "ಹಳೇ ಪ್ರತಿಗಳು" ಎಂಬ ಫೋಲ್ಡರಿನಲ್ಲಿ, ಬೇಗ ಸಿಗಲಿ ಅಂತ, ಆ ಫೋಟೋಗಳಿರುವ ಜಾಗಕ್ಕೆ ಒಂದು ಲಿಂಕ್ ಇಟ್ಟುಕೊಂಡಿದ್ದರು. ನಮ್ಮ ಅಟ್ಟ ಆ ಲಿಂಕಿನ ಒಳಗೆ ನುಗ್ಗಿ, ಎಲ್ಲ ಫೋಟೋಗಳನ್ನೂ ಎರಡನೇ ಸಲ ಎಣಿಸಿ, "ಹಳೇ ಪ್ರತಿಗಳು" ಡಿಸ್ಕಿನ ಅರ್ಧ ತಿಂದಿದೆ ಅಂತ ಒಂದು ದೊಡ್ಡ ಕೆಂಪು ತುಂಡು ತೋರಿಸಿತು. ಅವರು ನಂಬಿದರು. ಅಟ್ಟದಲ್ಲೇ ಇರುವ ಅಳಿಸು ಎಂಬ ಗುಂಡಿ ಒತ್ತಿದರು. ಹಳೇ ಪ್ರತಿಯೂ ಹೋಯಿತು, ಲಿಂಕು ತೋರಿಸುತ್ತಿದ್ದ ಅಸಲೂ ಹೋಯಿತು.

ಒಂದು ಬೈಗುಳ ಇರಲಿಲ್ಲ ರೀ ಅದರಲ್ಲಿ. ಬೈದಿದ್ದರೆ ಚೆನ್ನಾಗಿತ್ತು. "ನನ್ನಿಂದಲೇ ಏನಾದರೂ ತಪ್ಪಾಗಿರಬಹುದು. ವಾಪಸ್ ತರಲು ದಾರಿ ಇದ್ದರೆ ದಯವಿಟ್ಟು ತಿಳಿಸಿ" ಅಂತ ಮುಗಿಸಿದ್ದರು. ನಾನು ಏನು ಮಾಡಿದೆ ಗೊತ್ತೇ? ನಿಮ್ಮ ಆ ಮೂರು ಸಾಲು ಅಂಟಿಸಿದೆ. ಬಂದ ಮೇಲೆ ಉತ್ತರಿಸುತ್ತಾರೆ. ಕಳಿಸಿದ ಮೇಲೆ ಅದನ್ನೇ ಮತ್ತೆ ಓದಿದೆ. ಮನೆಗೆ ಬೆಂಕಿ ಬಿದ್ದಿದೆ ಅಂದವನಿಗೆ ನಾಳೆ ಬನ್ನಿ ಅಂದ ಹಾಗಾಯಿತು.

ಹತ್ತು ನಿಮಿಷದೊಳಗೆ ನನ್ನ ಉತ್ತರದ ಕೆಳಗೆ ಇನ್ನೊಂದು ಬಂತು. ಬರೆದದ್ದು ಮುಳ್ಳುಹಂದಿ. ಹೌದು, ಅದೇ ಮುಳ್ಳುಹಂದಿ. ಚಿತ್ರದ ಜಾಗದಲ್ಲಿ ಮುಳ್ಳುಹಂದಿ ಇಟ್ಟುಕೊಂಡು ಎರಡು ವರ್ಷದಿಂದ ನಿಮಗೆ ತಿದ್ದುಪಡಿ ಕಳಿಸಿ ಕಳಿಸಿ ನಿಮ್ಮ ರಕ್ತ ಕುದಿಸುತ್ತಿದ್ದ "ಕಾಲೇಜು ಬಿಟ್ಟ ತಲೆಹರಟೆ". ಅದರಲ್ಲಿ ಹೀಗಿತ್ತು: "ಸೇತುವೆಯವರೇ, ಈ ಕ್ಷಣ ಕಂಪ್ಯೂಟರ್ ಆರಿಸಿ. ಅದರ ಮೇಲೆ ಏನನ್ನೂ ಬರೆಯಬೇಡಿ, ಏನನ್ನೂ ಇಳಿಸಿಕೊಳ್ಳಬೇಡಿ. ಅಳಿಸಿದ್ದು ಅಂದರೆ ಹೋದದ್ದು ಅಂತಲ್ಲ, ಅದರ ಮೇಲೆ ಬೇರೇನಾದರೂ ಕೂತರೆ ಹೋಯಿತು. ನಿಮ್ಮ ನಂಬರ್ ಕಳಿಸಿ." ಅದರ ಕೆಳಗೆ ನನಗೆ: "ಈ ಮನೆಯಲ್ಲಿ ಮನುಷ್ಯರು ಯಾರಾದರೂ ಇದ್ದೀರಾ? ಇದ್ದರೆ ಈ ನಂಬರಿಗೆ ಫೋನ್ ಮಾಡಿ."

ಮರುದಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಮೆಟ್ಟಿಲ ಕೆಳಗೆ ಬಟ್ಟೆಯ ಉರುಳೆಗಳ ಮಧ್ಯೆ ಕೂತು ಫೋನ್ ಮಾಡಿದೆ. ಎತ್ತಿದ್ದು ಹೆಂಗಸಿನ ದನಿ, ವಯಸ್ಸಾದ ದನಿ. ತಪ್ಪು ನಂಬರೇನೋ ಅಂದುಕೊಂಡು, "ಅಟ್ಟದ ಮನೆಯಿಂದ ಮಾತಾಡ್ತಿದೀನಿ" ಅಂದೆ.

"ಕೊನೆಗೂ! ನೀನು ಯಾರಮ್ಮಾ?"

"ಅವರ ಹೆಂಡತಿ. ನನಗೆ ಈ ಪ್ರೋಗ್ರಾಮಿನ ತಲೆಬುಡ ಗೊತ್ತಿಲ್ಲ."

"ಓದೋಕೆ ಬರತ್ತಾ?"

"ಬರತ್ತೆ."

"ಕೈ ನಡುಗತ್ತಾ?"

"ಕತ್ತರಿ ಹಿಡಿಯೋ ಕೈ. ನಡುಗಲ್ಲ."

"ಅಷ್ಟು ಸಾಕು. ಪೆನ್ನು ತಗೋ."

ನಿಮ್ಮ ತಲೆಹರಟೆ ಹುಡುಗನಿಗೆ ಅರವತ್ನಾಲ್ಕು ವರ್ಷ ರೀ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಮನೆಯಲ್ಲಿ ಕೂತು ಬೇಜಾರಾಗಿ, ಗ್ರಂಥಾಲಯದ ಪುಸ್ತಕ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತರಂತೆ. "ಒಂದು ತಪ್ಪು ತೂತಿಗೆ ವೈರ್ ಚುಚ್ಚಿದ್ರೆ ಯಾರ್ದೋ ಸಾವಿನ ಸುದ್ದಿ ಯಾರಿಗೋ ಹೋಗ್ತಿತ್ತು. ಅದಕ್ಕೇ ನಾನು ಲಿಂಕ್ ಅಂದ್ರೆ ಎರಡು ಸಲ ಕೇಳ್ತೀನಿ" ಅಂದರು. ಮಾತು ಮಾತ್ರ ಆ ಚಿತ್ರಕ್ಕೆ ತಕ್ಕ ಹಾಗೇ ಇದೆ, ಚುಚ್ಚುತ್ತದೆ. ಆದರೆ ಒಂದು ಹತ್ತು ನಿಮಿಷ ಕೇಳಿದರೆ ಒಳಗಿನ ಮೆತ್ತಗಿನದು ಗೊತ್ತಾಗುತ್ತದೆ.

ಅವರು ಹೇಳಿದ್ದು ಇಷ್ಟು. ನಾಲ್ಕನೇ ಆವೃತ್ತಿಯನ್ನು ಆಗಲೇ ಹನ್ನೊಂದು ಸಾವಿರ ಜನ ಇಳಿಸಿಕೊಂಡಿದ್ದಾರೆ. ಅದನ್ನು ಮೊದಲು ತೆಗೆಯಬೇಕು, ಮೂರನೆಯದನ್ನು ಮುಂದಿಡಬೇಕು. ತೆಗೆಯುವ ಕೀಲಿ ಇರುವುದು ನಿಮ್ಮ ಹತ್ತಿರ ಮಾತ್ರ, ಅಂದರೆ ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಅಂದರೆ ನನ್ನ ಹತ್ತಿರ. "ಸುಮ್ನೆ ತೆಗೆದ್ರೆ ಆಗಲ್ಲಮ್ಮ. ಯಾಕೆ ಅಂತ ಬರೀಬೇಕು. ಬರೀದೇ ಇದ್ರೆ ಆಗ್ಲೇ ತಗೊಂಡೋರು ಒತ್ತುತ್ತಾನೇ ಇರ್ತಾರೆ." ತಪ್ಪಾಗಿದೆ ಅಂತ ಊರಿಗೆಲ್ಲ ಕಾಣುವ ಹಾಗೆ, ನಿಮ್ಮ ಅಟ್ಟದ ಬಾಗಿಲಿಗೆ, ನಾನು ಅಂಟಿಸಬೇಕು. ಆರು ವರ್ಷ ನೀವು ಕಟ್ಟಿದ ಹೆಸರು. ನೀವು ಪಕ್ಕದ ಊರಿನಲ್ಲಿ, ಪುಟ್ಟಿಯ ಮನೆಯಲ್ಲಿ ಬೋರಲು ಮಲಗಿದ್ದೀರಿ. ನಿಮ್ಮನ್ನು ಕೇಳದೆ ಹೇಗೆ?

ಪುಟ್ಟಿಗೆ ಫೋನ್ ಮಾಡಿದೆ. ಪುಟ್ಟಿ, ಇಲ್ಲಿಗೆ ನಿನ್ನ ಗುಟ್ಟೂ ಹೊರಬೀಳುತ್ತದೆ, ಗಂಟಲು ಸರಿಮಾಡಿಕೊಂಡು ಓದು. ಅವಳು, "ಅತ್ತಿಗೆ, ಈಗ ಹೇಳಿದ್ರೆ ಅಣ್ಣ ಎದ್ದು ಬಸ್ ಹತ್ತಿಬಿಡ್ತಾನೆ. ಕಣ್ಣೊಳಗೆ ಹಾಕಿರೋ ಗಾಳಿಗುಳ್ಳೆ ಜಾಗ ಬಿಟ್ರೆ ಕಣ್ಣಿನ ಹಿಂದಿನ ಪೊರೆ ಮತ್ತೆ ಕಿತ್ಕೊಳ್ಳತ್ತೆ. ಬೈಸ್ಕೊಳ್ಳೋದಿದ್ರೆ ಇಬ್ರೂ ಆಮೇಲೆ ಬೈಸ್ಕೊಳ್ಳೋಣ" ಅಂದಳು. ಸಂಜೆ ಅತ್ತೆಗೆ ಹೇಳಿದೆ. ಅವರು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು: "ಚಿಕ್ಕೋನಿದ್ದಾಗ ಪಕ್ಕದ ಮನೆ ಗಾಜು ಒಡೆದು ಬಂದು ಮಂಚದ ಕೆಳಗೆ ಸೇರ್ಕೊಂಡಿದ್ದ. ಕಾಲು ಹಿಡಿದು ಎಳೆದ್ರೂ ಬರ್ಲಿಲ್ಲ. ನಾನೇ ಹೋಗಿ, ನಮ್ಮ ಹುಡುಗನೇ ಒಡೆದಿದ್ದು ಅಂತ ಹೇಳ್ಬಂದೆ. ಈಗ ನನಗೆ ಮಂಡಿ ನೋವು. ನೀನು ಹೋಗಮ್ಮ."

ಅವತ್ತೇ ಸಂಜೆ ನಿಮ್ಮ ಮೇಜಿಗೆ ಕೂತೆ. ಮುಳ್ಳುಹಂದಿ ಅಮ್ಮ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು, ನಾನು ಒಂದೊಂದೇ ಒತ್ತಿದೆ. ನಾಲ್ಕನೆಯದು ಕಾಣೆಯಾಯಿತು, ಮೂರನೆಯದು ಮೇಲೆ ಬಂತು. ಆಮೇಲೆ ನಾನು ಬರೆದದ್ದು ಇದು, ಒಂದಕ್ಷರ ಅವರು ತಿದ್ದಲಿಲ್ಲ: "ಅಟ್ಟದ ನಾಲ್ಕನೇ ಆವೃತ್ತಿಯಲ್ಲಿ ತಪ್ಪಿದೆ. ಅದು ಲಿಂಕನ್ನು ಅಸಲು ಎಂದು ತಿಳಿದು ಅಳಿಸುತ್ತದೆ. ತಪ್ಪು ನಮ್ಮದು, ಬಳಸಿದವರದಲ್ಲ. ಒಬ್ಬರ ಹನ್ನೊಂದು ವರ್ಷದ ಕೆಲಸ ಇದರಿಂದ ಹೋಗಿದೆ. ದಯವಿಟ್ಟು ಇದರಿಂದ ಏನನ್ನೂ ಅಳಿಸಬೇಡಿ, ಮೂರನೆಯದಕ್ಕೆ ಹಿಂತಿರುಗಿ. ಬರೆದವಳು ಇದನ್ನು ಮಾಡಿದವರ ಹೆಂಡತಿ."

ಬೈಗುಳ ಬಂದವು, ಇಲ್ಲ ಅನ್ನುವುದಿಲ್ಲ. ಒಬ್ಬನಂತೂ ಎಷ್ಟು ಉದ್ದ ಬರೆದಿದ್ದ ಅಂದರೆ ಅಷ್ಟು ಹೊತ್ತಿನಲ್ಲಿ ಒಂದು ಸ್ವೆಟರ್ ಹೆಣೆಯಬಹುದಿತ್ತು. ಆದರೆ ಮೂರನೇ ದಿನ ರೇಡಿಯೋ ಕೇಂದ್ರದ ಒಬ್ಬ ಧ್ವನಿಮುದ್ರಕರು ಬರೆದರು: "ನಿಮ್ಮ ಸೂಚನೆ ಓದುವಾಗ ನನ್ನ ಬೆರಳು ಅಳಿಸುವ ಗುಂಡಿಯ ಮೇಲೇ ಇತ್ತು. ತೆಗೆದೆ. ನೋಡಿದರೆ ನನ್ನದೂ ಲಿಂಕೇ." ಹಾಗೆ ಬರೆದವರು ಒಟ್ಟು ನಾಲ್ಕು ಜನ. ಅವರ ಸಂದೇಶ ಬಂದ ದಿನ ಕಾರ್ಖಾನೆಯಲ್ಲಿ ನಾನು ಹಾಡು ಗುನುಗುತ್ತಾ ಕತ್ತರಿಸುತ್ತಿದ್ದೆನಂತೆ, ಪಕ್ಕದ ಟೇಬಲ್ಲಿನವಳು ಹೇಳಿದಳು.

ಸೇತುವೆಯವರ ವಿಷಯ ಕೇಳಬೇಕೆಂದು ನೀವು ಚಡಪಡಿಸುತ್ತಿದ್ದೀರಿ, ಗೊತ್ತು. ಮುಳ್ಳುಹಂದಿ ಅಮ್ಮ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಫೋನಿನಲ್ಲಿ ಅವರ ಜೊತೆ ಕೂತರು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಳಿಸಿದ್ದನ್ನು ಹೆಕ್ಕುವ ಪ್ರೋಗ್ರಾಮು ಓಡಿಸಿ, ಒಂದೊಂದೇ ವರ್ಷ ಎತ್ತಿದರು. ಹೆಚ್ಚಿನದೆಲ್ಲ ಬಂತು. ಪೂರ್ತಿ ಬರಲಿಲ್ಲ. ಎರಡು ಸೇತುವೆಗಳ ಫೋಟೋಗಳು, ಸಾವಿರದ ನಾನೂರು, ಅರ್ಧಂಬರ್ಧ ಬೂದು ಪಟ್ಟಿಗಳಾಗಿ ಬಂದವು, ಅವು ಇನ್ನು ಬರುವುದಿಲ್ಲ. ನಿಮ್ಮಿಂದ ಇದನ್ನು ಮುಚ್ಚಿಡುವುದಿಲ್ಲ. ನಾನೇ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು, "ಆ ಎರಡು ಸೇತುವೆಗೆ ಈ ವರ್ಷದಿಂದ ಹೊಸದಾಗಿ ಶುರು ಮಾಡ್ತೀನಿ. ಈ ಸಲ ವರ್ಷಕ್ಕೆ ಒಂದಲ್ಲ, ನಾಲ್ಕು ಸಲ ಇಳೀತೀನಿ, ಆಗ ಬಿರುಕಿನ ನಡೆ ಬೇಗ ಗೊತ್ತಾಗತ್ತೆ" ಅಂದರು. ಆಮೇಲೆ, "ನಿಮ್ಮೆಜಮಾನ್ರ ಕಣ್ಣು ಹೇಗಿದೆ?" ಅಂತ ಕೇಳಿದರು.

ಈಗ ಕಷ್ಟದ ಮಾತು. ಮುಳ್ಳುಹಂದಿ ಅಮ್ಮ ತಿದ್ದುಪಡಿ ಎಷ್ಟು ಬೇಗ ಕಳಿಸಿದರೆಂದರೆ ನನಗೆ ಆಶ್ಚರ್ಯವಾಯಿತು. ಕೇಳಿದ್ದಕ್ಕೆ, "ಹೊಸದೇನಲ್ಲಮ್ಮ, ಹಳೇದೇ. ಹುಡುಕಿ ನೋಡು" ಅಂದರು. ಹುಡುಕಿದೆ. ಎರಡು ವರ್ಷದ ಹಿಂದೆ ಅವರು ಕಳಿಸಿದ್ದ ತಿದ್ದುಪಡಿ: ಅಳಿಸುವ ಮುಂಚೆ ಅಸಲು ಜಾಗ ಯಾವುದೆಂದು ತೋರಿಸಿ ಕೇಳಬೇಕು, ಲಿಂಕ್ ದಾಟಿ ಎಂದೂ ಅಳಿಸಬಾರದು ಅಂತ. ಅದರ ಕೆಳಗೆ ನಿಮ್ಮ ಉತ್ತರ, "ಬೇಡ." ಅವರು ಮತ್ತೆ ವಿವರಿಸಿದ್ದಕ್ಕೆ, "ನನ್ನ ಮನೆಯ ಬಾಗಿಲು ಎಲ್ಲಿರಬೇಕೆಂದು ನನಗೆ ಗೊತ್ತು." ಆಗ ನಿಮ್ಮ ಮಾತು ಸರಿಯೇ ಇತ್ತಂತೆ, ಹಳೆಯದರಲ್ಲಿ ಲಿಂಕ್ ದಾಟದಂತೆ ನೀವೇ ಬರೆದ ತಡೆ ಇತ್ತು. ನಾಲ್ಕನೆಯದನ್ನು ಬೇಗ ಓಡುವ ಹಾಗೆ ಮಾಡಲು ಎಲ್ಲ ಬಿಚ್ಚಿ ಹೊಲಿಯುವಾಗ ಆ ಒಂದು ತಡೆ ಬಿಟ್ಟುಹೋಗಿದೆ. ಅವರ ತಿದ್ದುಪಡಿ ಅಲ್ಲಿದ್ದಿದ್ದರೆ ಹಿಡಿದುಕೊಳ್ಳುತ್ತಿತ್ತು.

ನಿಮ್ಮ "ಬೇಡ" ಓದಿ ನನಗೆ ಕೋಪ ಬಂತು, ಇಲ್ಲವೆಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಪಾತ್ರೆ ತೊಳೆಯುವಾಗ ಶಬ್ದ ಸ್ವಲ್ಪ ಜೋರಾಗೇ ಮಾಡಿದೆ. ಅತ್ತೆ "ಪಾತ್ರೆ ಏನು ಮಾಡ್ತು?" ಅಂದರು. ಆಮೇಲೆ ನನ್ನದೇ ನೂರಿಪ್ಪತ್ತು ಎಡಗೈ ನೆನಪಾಯಿತು. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಅರವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ತೋಳು ಕತ್ತರಿಸುವಾಗ, ನಮೂನೆಯನ್ನು ಮಗುಚಿ ಇಡುವುದು ಮರೆತು ನೂರಿಪ್ಪತ್ತು ತೋಳೂ ಎಡಗೈಯದೇ ಆಗಿದ್ದವಲ್ಲ. ಗುರುತು ಹಾಕಿದವಳೂ ನಾನೇ, ಕತ್ತರಿ ಹಾಕಿದವಳೂ ನಾನೇ, ಯಾರೂ ನೋಡುವುದು ಬೇಡ ಅಂದವಳೂ ನಾನೇ. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ನೀವು ಫ್ಲಾಸ್ಕಿನಲ್ಲಿ ಚಹಾ ತಂದು, "ಎರಡೂ ಎಡಗೈ ಇರೋ ಮಕ್ಕಳ ಶಾಲೆ ಎಲ್ಲಾದ್ರೂ ಇರತ್ತೆ, ಹುಡುಕೋಣ ಬಿಡು" ಅಂದಿರಿ. ಅಳುತ್ತಲೇ ನಕ್ಕಿದ್ದೆ. ಅವತ್ತಿನಿಂದ ನಮ್ಮ ಟೇಬಲ್ಲಿನಲ್ಲಿ ಒಬ್ಬರು ಗುರುತು ಹಾಕಿದರೆ ಇನ್ನೊಬ್ಬರು ನೋಡಿಯೇ ಕತ್ತರಿ ಹಾಕುವುದು. ಅದು ನಂಬಿಕೆ ಇಲ್ಲ ಅಂತಲ್ಲ; ಒಬ್ಬರ ತಲೆಯ ಮೇಲೇ ಎಲ್ಲ ಭಾರ ಬೀಳದಿರಲಿ ಅಂತ. ಇವತ್ತು ಚಹಾ ತರುವ ಸರದಿ ನನ್ನದು, ಅಷ್ಟೇ ಅಂದುಕೊಳ್ಳಿ.

ಮುಳ್ಳುಹಂದಿ ಅಮ್ಮನ ತಿದ್ದುಪಡಿಯನ್ನು ಮೊನ್ನೆ ಸೇರಿಸಿ, ನಾಲ್ಕೂ ಕಾಲು ಅಂತ ಹೊಸ ಆವೃತ್ತಿ ಬಿಟ್ಟೆವು. ಸಂಖ್ಯೆ ಹಾಗೆ ಇಡುವುದಿಲ್ಲ ಅಂತ ಅವರು ಹತ್ತು ಸಲ ಹೇಳಿದರು, ನಾನು ಕೇಳಲಿಲ್ಲ, ಕೊನೆಗೆ ಅವರೇ ಸುಮ್ಮನೆ ಸರಿಯಾದ ಸಂಖ್ಯೆ ಹಾಕಿಬಿಟ್ಟರು. ಈಗ ಲಿಂಕಿಗೆ ಬೂದು ಬಣ್ಣ, ಗೆರೆ ಗೆರೆ. ಅದರ ಮೇಲೆ ಒತ್ತಿದರೆ ಒಂದು ಎಚ್ಚರಿಕೆ ಬರುತ್ತದೆ. ಅವರು ಬರೆದದ್ದು ನನಗೇ ಅರ್ಥವಾಗಲಿಲ್ಲ, ಆದ್ದರಿಂದ ನಾನು ಬರೆದೆ: "ಇದು ಬರೀ ಕೈಮರ, ಬೇರೆ ಊರಿನ ದಾರಿ ತೋರಿಸುತ್ತದೆ. ಅಳಿಸಿದರೆ ಕೈಮರ ಹೋಗುತ್ತದೆ, ಊರು ಇರುತ್ತದೆ." ಸೇತುವೆಯವರು ಅದನ್ನು ಮೊದಲು ಪರೀಕ್ಷಿಸಿ, ಕೈಮರ ಕಿತ್ತರೂ ಊರು ನಿಂತಿದೆ ಅಂತ ಬರೆದರು. ಮುಳ್ಳುಹಂದಿ ಅಮ್ಮ ಒಪ್ಪಿದರು. ನಿಮ್ಮ ಅಟ್ಟದೊಳಗೆ ನನ್ನದೂ ಎರಡು ಸಾಲು ಸೇರಿತು ರೀ. ಕೆಲಸ ಮಾಡಿದವರ ಪಟ್ಟಿಯಲ್ಲಿ ಅವರು ನನ್ನನ್ನು "ಕತ್ತರಿ" ಅಂತ ಸೇರಿಸಿದ್ದಾರೆ. ಅತ್ತೆಗೆ ತೋರಿಸಿದೆ. ಹೆಸರಿಟ್ಟವರನ್ನು ಯಾಕೆ ಹಾಕಿಲ್ಲ ಅಂತ ಕೇಳಿದರು. ಅವರನ್ನೂ ಹಾಕಿಸಿದ್ದಾಯಿತು.

ಇನ್ನೊಂದು ವಿಷಯ, ನಿಮ್ಮನ್ನು ಕೇಳದೆ ಮಾಡಿದ್ದು. ಅಟ್ಟದ ಇನ್ನೊಂದು ಕೀಲಿಯನ್ನು ಅವರಿಗೆ ಕೊಟ್ಟಿದ್ದೇನೆ. ಅವರು ಬೇಡ ಅಂದರು. "ಆತ ಒಪ್ಪದೆ ನಾನು ಒಳಗೆ ಕಾಲಿಡಲ್ಲ. ಮನೆ ಆತನದು." ನಾನು, "ಒಂದು ಸಲ ಮನೆಯೊಳಗೆ ನೀರು ನುಗ್ಗಿದಾಗ ನೀವೇ ಬಕೆಟ್ ಹಿಡ್ಕೊಂಡು ನಿಂತ್ರಿ, ಇನ್ನು ಹೊರಗಿನವರು ಹೇಗಾಗ್ತೀರಿ?" ಅಂದೆ. ನೀವು ಹೂಂ ಅನ್ನುವವರೆಗೆ ಆ ಕೀಲಿ ಬಳಸುವುದಿಲ್ಲ ಅಂದಿದ್ದಾರೆ. ಹಾಗಾಗಿ ನೀವು ಪುಟ್ಟಿಯ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸಿ. ಚೆಂದದ ಮಾತು ಬೇಕಿಲ್ಲ. "ಬೇಡ" ಅಂತ ಬರೆದ ಜಾಗದ ಕೆಳಗೆ ಹಾಕಲು ಒಂದು "ಬೇಕು" ಸಾಕು. ನಿಮ್ಮ ಕೋಪ ಮೂಗಿನ ತುದಿಯಲ್ಲಿರುತ್ತದೆ, ಆದರೆ ಅದು ಇಳಿದ ಮೇಲೆ ನಿಮ್ಮಷ್ಟು ನೇರವಾಗಿ ತಪ್ಪು ಒಪ್ಪಿಕೊಳ್ಳುವವರನ್ನು ನಾನು ಕಂಡಿಲ್ಲ. ಮಂಚದ ಕೆಳಗಿನಿಂದ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ.

ಮುಚ್ಚಿಟ್ಟದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಪುಟ್ಟಿಯ ಮನೆಯವರಿಗೆ ನನ್ನ ನೆನಪು ಹೇಳಿ. ಹನಿ ಔಷಧಿ ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳಿ, ಅವಳಿಗೆ ಕಾಟ ಕೊಡಬೇಡಿ. ಅತ್ತೆಯ ಆಶೀರ್ವಾದ ಈ ಪತ್ರದ ಜೊತೆಗಿದೆ. ಬೆರಳಿಗೆ ಇಂಕು ಹತ್ತುತ್ತದೆ ಅಂತ ಕಾಗದ ಮುಟ್ಟಲಿಲ್ಲ, ದೂರದಿಂದಲೇ ಕೈ ಎತ್ತಿದರು.

ಎಂದೆಂದಿಗೂ ನಿಮ್ಮವಳಾದ,
ಕತ್ತರಿ

ಮ.ವಿ.: ಲಕೋಟೆಗೆ ಅಂಟು ಹಚ್ಚಲು ಹೋಗಿ ಮತ್ತೆ ಬಿಡಿಸಿದ್ದೇನೆ, ಅಂಚೆ ತೆಗೆಯುವವನು ಬರಲು ಕಾಲು ಗಂಟೆ ಇದೆ. ಹೇಳಬೇಕಾದ್ದು ಇದು. ಆಪರೇಷನ್ ದಿನ ಕಾರಿಡಾರಿನಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಎಷ್ಟು ದಿನದಿಂದ ಹೀಗಿತ್ತು?" ಅಂತ ಕೇಳಿದರು. ನಿನ್ನೆಯಿಂದ ಅಂದೆ, ನೀವು ನನಗೆ ಹೇಳಿದ್ದು ಅದೇ ತಾನೆ. ಅವರು ತಲೆಯಾಡಿಸಿ, "ಇಲ್ಲಮ್ಮ, ಇದು ಮೂರು ವಾರದ್ದು. ಎಡಗಣ್ಣಿಗೆ ಕಪ್ಪು ಪರದೆ ಬಿದ್ದ ಹಾಗೆ ಅವರಿಗೆ ಕಾಣಿಸ್ತಾ ಇದ್ದಿರಲೇಬೇಕು" ಅಂದರು. ಮೂರು ವಾರ ನೀವು ಅರ್ಧ ಕತ್ತಲೆಯಲ್ಲಿ ಕೂತು ನಾಲ್ಕನೇ ಆವೃತ್ತಿ ಮುಗಿಸುತ್ತಿದ್ದಿರಿ, ನಾನು ಅದೇ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಆ ಒಂದು ತಡೆ ಹೇಗೆ ಬಿಟ್ಟುಹೋಯಿತೆಂದು ಮುಳ್ಳುಹಂದಿ ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ; ನನಗೆ ಗೊತ್ತು, ನಾನು ಹೇಳಿಲ್ಲ. ಹನ್ನೊಂದು ಸಾವಿರ ಜನ ಕಾಯುತ್ತಿದ್ದರು ಅನ್ನುತ್ತೀರಿ. ಕಾಯುತ್ತಿದ್ದರು ರೀ, ಕಾಯಲಿ. ನಾನೂ ಇದ್ದೆನಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ನಾಲ್ಕು ದಿನ ರಜೆ ಹಾಕಿದ್ದೇನೆ, ಅತ್ತೆಯ ಜೊತೆ ಪಕ್ಕದ ಮನೆಯವರು ಇರುತ್ತಾರೆ. ಇನ್ನು ಮುಂದೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಮೊದಲ ದಿನವೇ, ಮೊದಲು ನನಗೇ ಹೇಳಬೇಕು.

ಪುಟ್ಟಿ, ಇಷ್ಟು ಓದಿ ಮುಗಿಸಿದ ಮೇಲೆ ಅಣ್ಣ ಏನೂ ಮಾತಾಡದಿದ್ದರೆ ನೀನೂ ಮಾತಾಡಿಸಬೇಡ, ಸುಮ್ಮನೆ ಪಕ್ಕದಲ್ಲಿ ಕೂತಿರು. ಕಣ್ಣಲ್ಲಿ ನೀರು ಬಂದರೆ ಉಜ್ಜಿಕೊಳ್ಳಲು ಬಿಡಬೇಡ. ಕೈ ಹಿಡಿದುಕೋ.